ಆಸ್ಪತ್ರೆ, ವಿಮೆ ಹೆಸರಲ್ಲಿ ಬರುವ ರೆಕಾರ್ಡೆಡ್ ಕಾಲ್: ಮೋಸ ಗುರುತಿಸಿ ತಪ್ಪಿಸಿಕೊಳ್ಳುವುದು ಹೇಗೆ?

"ಮೋಸದ ಕಾಲ್ ಹೇಗಿರುತ್ತೆ ಅಂತ ನನಗೆ ಗೊತ್ತಿತ್ತು. ಆದ್ರೂ ಸಿಕ್ಕಿಬಿದ್ದೆ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿದವರು ಯಾರೂ ದಡ್ಡರಲ್ಲ. ಬ್ಯಾಂಕ್ ಹೆಸರಲ್ಲಿ ಕಾಲ್ ಬಂದರೆ ಎರಡೇ ಸೆಕೆಂಡಿನಲ್ಲಿ ಕಟ್ ಮಾಡುವವರು. ಆದರೆ "ನಿಮ್ಮ ರಕ್ತ ಪರೀಕ್ಷೆಯ ವರದಿ ಬಗ್ಗೆ ತುರ್ತಾಗಿ ಮಾತಾಡಬೇಕಿದೆ" ಅಂತ ಒಂದು ದನಿ ಕೇಳಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಬೆರಳು ತಾನಾಗಿಯೇ 1 ಒತ್ತಿಬಿಡುತ್ತದೆ.

ಎಲ್ಲಿ ಎಡವುತ್ತಿದ್ದೇವೆ ಅಂತ ನೋಡಿದರೆ, ಹೆಚ್ಚಿನವರ ಕಥೆಯಲ್ಲಿ ಒಂದೇ ಜಾಗ ಸಿಗುತ್ತದೆ. ಲೈನಿನಲ್ಲೇ ಇದ್ದುಕೊಂಡು "ಇದು ನಿಜವೋ ಸುಳ್ಳೋ" ಅಂತ ತೀರ್ಮಾನ ಮಾಡಲು ಹೋಗುತ್ತಾರೆ. ಆ ಹೊತ್ತಿಗೆ ಆ ಕಡೆಯವನು ಮಾತಾಡುತ್ತಲೇ ಇರುತ್ತಾನೆ. ಹೆದರಿದ ತಲೆಗೆ ಯೋಚಿಸಲು ಬಿಡುವೇ ಸಿಗುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ರಮ ತಿರುಗಿಸಿದ್ದೇನೆ. ಮೊದಲು ಕಟ್ ಮಾಡಿ. ಸುಳ್ಳೋ ನಿಜವೋ ಆಮೇಲೆ ನೋಡೋಣ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ದಯವಿಟ್ಟು ಮಧ್ಯದಿಂದ ಶುರು ಮಾಡಬೇಡಿ.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು

ಒಂದು ಹಾಳೆ, ಪೆನ್ನು. ನಿಮ್ಮ ಆರೋಗ್ಯ ವಿಮೆಯ ಕಾರ್ಡ್ ಅಥವಾ ಪಾಲಿಸಿ ಕಾಗದ. ಈಚೆಗೆ ಹೋದ ಆಸ್ಪತ್ರೆಯ ಬಿಲ್ಲು ಅಥವಾ ಡಿಸ್ಚಾರ್ಜ್ ಕಾಗದ. ಬ್ಯಾಂಕಿನ ಕಾರ್ಡ್. ಮನೆಯಲ್ಲಿ ಇನ್ನೊಬ್ಬರ ಫೋನ್ ಇದ್ದರೆ ಅದೂ ಇರಲಿ, ಏಕೆಂದು ಮುಂದೆ ಗೊತ್ತಾಗುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಹಂತ 1: ನಂಬರ್ ಚೀಟಿ ಬರೆಯಿರಿ

ಹಾಳೆಯ ಮೇಲೆ ನಾಲ್ಕು ನಂಬರ್ ದೊಡ್ಡದಾಗಿ ಬರೆಯಿರಿ: ನಿಮ್ಮ ಆಸ್ಪತ್ರೆ ಅಥವಾ ಡಾಕ್ಟರು, ವಿಮೆ ಕಂಪನಿ, ಬ್ಯಾಂಕ್, ನಿಮ್ಮ ದೇಶದ ಸೈಬರ್ ವಂಚನೆ ಸಹಾಯವಾಣಿ. ಭಾರತದಲ್ಲಿ ಆ ಸಹಾಯವಾಣಿ 1930.

ಈ ನಂಬರ್‌ಗಳನ್ನು ಕಾಗದದಿಂದಲೇ ನೋಡಿ ಬರೆಯಬೇಕು. ವಿಮೆ ಕಾರ್ಡಿನ ಹಿಂಬದಿ, ಆಸ್ಪತ್ರೆ ಬಿಲ್ಲಿನ ಮೇಲ್ಭಾಗ, ಬ್ಯಾಂಕ್ ಕಾರ್ಡಿನ ಹಿಂಬದಿ. ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಅಂತ ಹುಡುಕಿ ಬರೆಯಬೇಡಿ. ಮೋಸಗಾರರು ತಮ್ಮದೇ ನಂಬರನ್ನು ಕಂಪನಿಯ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹಾಕಿಟ್ಟಿರುತ್ತಾರೆ. ಕೆಲವೊಮ್ಮೆ ಜಾಹೀರಾತಿಗೆ ದುಡ್ಡು ಕೊಟ್ಟು ಎಲ್ಲರಿಗಿಂತ ಮೇಲೆ ಕಾಣುವ ಹಾಗೆ ಮಾಡಿರುತ್ತಾರೆ. ಒಬ್ಬ ಮೋಸಗಾರನಿಂದ ತಪ್ಪಿಸಿಕೊಂಡು, "ಪರೀಕ್ಷೆ ಮಾಡಿ ನೋಡೋಣ" ಅಂತ ಹುಡುಕಿ, ಇನ್ನೊಬ್ಬನ ಕೈಗೆ ನೇರವಾಗಿ ಹೋಗಿ ಬಿದ್ದವರು ತುಂಬ ಜನ ಇದ್ದಾರೆ.

ಚೀಟಿಯನ್ನು ಫೋನ್ ಚಾರ್ಜ್‌ಗೆ ಇಡುವ ಜಾಗದ ಗೋಡೆಗೆ ಅಂಟಿಸಿ. ಅದೇ ನಂಬರ್‌ಗಳನ್ನು ಫೋನಿನಲ್ಲೂ ಹೆಸರು ಹಾಕಿ ಸೇವ್ ಮಾಡಿ.

ಹಂತ 2: ಫೋನಿನ ಸೆಟ್ಟಿಂಗ್

ಆಂಡ್ರಾಯ್ಡ್ ಫೋನ್‌ಗಳ ಕರೆ ಆಪ್‌ನಲ್ಲಿ ಸಾಮಾನ್ಯವಾಗಿ ಸ್ಪ್ಯಾಮ್ ಕರೆ ಗುರುತಿಸುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ. ಐಫೋನ್‌ನಲ್ಲಿ ಗೊತ್ತಿಲ್ಲದ ನಂಬರ್‌ಗಳ ಕರೆಯನ್ನು ಸದ್ದಿಲ್ಲದೆ ಬದಿಗಿಡುವ ಆಯ್ಕೆ 2019ರಿಂದ ಇದೆ.

ಆದರೆ ಒಂದು ಎಚ್ಚರ. ಮನೆಯವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಅಥವಾ ನೀವು ಪರೀಕ್ಷೆಯ ವರದಿಗೆ ಕಾಯುತ್ತಿದ್ದರೆ, ಗೊತ್ತಿಲ್ಲದ ಕರೆಗಳನ್ನೆಲ್ಲ ಮೌನ ಮಾಡುವ ಈ ಆಯ್ಕೆ ಆನ್ ಮಾಡಬೇಡಿ. ಆಸ್ಪತ್ರೆಯವರು ನಿಮಗೆ ಗೊತ್ತಿಲ್ಲದ ಒಳನಂಬರಿನಿಂದ ಕರೆ ಮಾಡಬಹುದು. ಮೋಸಕ್ಕೆ ಹೆದರಿ ನಿಜವಾದ ಕರೆ ತಪ್ಪಿಸಿಕೊಳ್ಳುವುದು ಇನ್ನೂ ಕೆಟ್ಟದ್ದು.

ಪ್ರಚಾರದ ಕರೆ ಬೇಡ ಅಂತ ಹೆಸರು ನೋಂದಾಯಿಸುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಭಾರತದಲ್ಲಿ 1909ಕ್ಕೆ ಕರೆ ಅಥವಾ ಎಸ್‌ಎಂಎಸ್ ಮಾಡಬೇಕು. ಅಮೆರಿಕದಲ್ಲಿ ಇಂಥ ಪಟ್ಟಿ 2003ರಿಂದ ಇದೆ. ಮಾಡಿಸಿ, ಆದರೆ ಜಾಸ್ತಿ ನಿರೀಕ್ಷೆ ಬೇಡ. ಕಾನೂನಿಗೆ ಹೆದರುವ ಕಂಪನಿಗಳು ಮಾತ್ರ ಆ ಪಟ್ಟಿ ನೋಡುತ್ತವೆ. ಮೋಸಗಾರರು ನೋಡುವುದಿಲ್ಲ. ಹಾಗಿದ್ದರೂ ಒಂದು ಲಾಭ ಉಂಟು: ಹೆಸರು ನೋಂದಾಯಿಸಿದ ಮೇಲೂ ಯಾರೋ ವಿಮೆ ಮಾರಲು ಕರೆ ಮಾಡಿದರೆ, ಅವರು ನಿಯಮ ಮುರಿಯುವವರು ಅನ್ನುವುದು ಆಗಲೇ ಗೊತ್ತಾದಂತಾಯಿತು.

ಹಂತ 3: ಮೊದಲ ಹತ್ತು ಸೆಕೆಂಡಿನಲ್ಲಿ ಏನಾಗುತ್ತದೆ, ತಿಳಿದುಕೊಳ್ಳಿ

ಆ ಕಡೆ ಕೂತು ನಿಮ್ಮ ನಂಬರ್ ಒತ್ತಿದ್ದು ಮನುಷ್ಯನಲ್ಲ. ಕಂಪ್ಯೂಟರ್ ಒಂದು, ಸಾವಿರಾರು ನಂಬರ್‌ಗಳಿಗೆ ಸಾಲಾಗಿ ಕರೆ ಮಾಡುತ್ತಾ ಹೋಗುತ್ತದೆ. ನೀವು "ಹಲೋ" ಅಂದಾಗ ದನಿಯನ್ನು ಗುರುತಿಸಿ ರೆಕಾರ್ಡಿಂಗ್ ಶುರು ಮಾಡುತ್ತದೆ. ಅದಕ್ಕೇ ಹಲೋ ಅಂದಮೇಲೆ ಒಂದೆರಡು ಸೆಕೆಂಡ್ ಖಾಲಿ ಮೌನ. ಕೆಲವೊಮ್ಮೆ ಸಣ್ಣದೊಂದು "ಟಕ್" ಸದ್ದು. ನಿಜವಾದ ಮನುಷ್ಯ ಕರೆ ಮಾಡಿದ್ದರೆ ನಿಮ್ಮ ಹಲೋಗೆ ತಕ್ಷಣ ಉತ್ತರ ಬರುತ್ತಿತ್ತು ಅಲ್ವಾ? ಈ ಮೌನವೇ ಮೊದಲ ಗುರುತು.

ಆಮೇಲೆ "ಪ್ರತಿನಿಧಿಯೊಂದಿಗೆ ಮಾತಾಡಲು 1 ಒತ್ತಿ, ಈ ಕರೆಗಳು ಬೇಡವಾದರೆ 9 ಒತ್ತಿ" ಅನ್ನುತ್ತದೆ. ಮೋಸದ ಕರೆಯಲ್ಲಿ ಈ ಎರಡೂ ಬಟನ್ ಮಾಡುವ ಕೆಲಸ ಒಂದೇ. ಈ ನಂಬರಿನಲ್ಲಿ ಜೀವಂತ ಮನುಷ್ಯ ಇದ್ದಾನೆ, ರೆಕಾರ್ಡಿಂಗ್ ಪೂರ್ತಿ ಕೇಳುತ್ತಾನೆ, ಹೇಳಿದ ಬಟನ್ ಒತ್ತುತ್ತಾನೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಸಾವಿರಾರು ಜನರಲ್ಲಿ ಹೆದರಿದವರನ್ನು ಸೋಸಿ ತೆಗೆಯುವ ಜರಡಿ ಇದು. ಬಟನ್ ಒತ್ತಿದವರ ಬಳಿ ಮಾತ್ರ ಮನುಷ್ಯ ಮಾತಾಡುತ್ತಾನೆ. 9 ಒತ್ತಿ "ಇನ್ನು ಕಾಟ ತಪ್ಪಿತು" ಅಂದುಕೊಂಡವರಿಗೆ ಮುಂದಿನ ವಾರ ಕರೆ ಜಾಸ್ತಿಯಾಗುವುದು ಇದಕ್ಕೇ.

ಪರದೆಯ ಮೇಲೆ ಕಾಣುವ ನಂಬರನ್ನು ನಂಬಬೇಡಿ. ಇಂಟರ್ನೆಟ್ ಮೂಲಕ ಮಾಡುವ ಕರೆಯಲ್ಲಿ, ನಿಮ್ಮ ಪರದೆಗೆ ಯಾವ ನಂಬರ್ ಬರಬೇಕು ಅನ್ನುವುದನ್ನು ಕರೆ ಮಾಡುವವನ ಕಡೆಯಿಂದಲೇ ತುಂಬಲು ಸಾಧ್ಯವಿದೆ. ಆಸ್ಪತ್ರೆಯದೇ ನಂಬರ್ ಕಂಡರೂ ಕರೆ ಬೇರೆ ಎಲ್ಲಿಂದಲೋ ಬಂದಿರಬಹುದು. ಇದನ್ನು ತಡೆಯಲು ಅಮೆರಿಕದಲ್ಲಿ 2021ರ ಜೂನ್ 30ರ ಹೊತ್ತಿಗೆ ದೊಡ್ಡ ಫೋನ್ ಕಂಪನಿಗಳು ಕರೆಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ ತರಬೇಕಾಯಿತು. ಆದರೆ ಹಳೇ ಮಾದರಿಯ ಜಾಲಗಳ ಮೂಲಕ ಹಾದು ಬರುವ ಕರೆಗಳಿಗೆ ಆ ಸಹಿ ಉಳಿಯುವುದಿಲ್ಲ. ಭಾರತದಲ್ಲಿ ಬ್ಯಾಂಕ್, ವಿಮೆ ಕಂಪನಿಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರ್, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರ್ ಅಂತ ಗೊತ್ತುಮಾಡಿದ್ದಾರೆ. ಸಾಮಾನ್ಯ ಹತ್ತಂಕಿ ಮೊಬೈಲ್ ನಂಬರಿನಿಂದ "ನಿಮ್ಮ ಪಾಲಿಸಿ ರದ್ದಾಗುತ್ತಿದೆ" ಅಂತ ಬಂದರೆ ಅಲ್ಲೇ ಅನುಮಾನ ಪಡಿ. ಆದರೆ 1600 ಕಂಡಿತು ಅನ್ನುವ ಒಂದೇ ಕಾರಣಕ್ಕೆ ಒಟಿಪಿ ಹೇಳುವ ಹಾಗಿಲ್ಲ.

ದನಿಯನ್ನೂ ನಂಬುವ ಕಾಲ ಹೋಯಿತು. ಈಗ ಕಂಪ್ಯೂಟರ್ ತಯಾರಿಸಿದ ದನಿ "ಹಾಂ, ಹೇಳಿ" ಅನ್ನುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ಮಧ್ಯೆ ಉಸಿರನ್ನೂ ಎಳೆದುಕೊಳ್ಳುತ್ತದೆ. ಒಪ್ಪಿಗೆ ಇಲ್ಲದೆ ಇಂಥ ದನಿಯಲ್ಲಿ ರೋಬೋ ಕಾಲ್, ಅಂದರೆ ಕಂಪ್ಯೂಟರ್ ತಾನಾಗಿ ಮಾಡುವ ಕರೆ, ಮಾಡುವುದು ಕಾನೂನುಬಾಹಿರ ಅಂತ ಅಮೆರಿಕದ ದೂರಸಂಪರ್ಕ ಆಯೋಗ 2024ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. "ರೋಬೋ ಆದರೆ ದನಿಯಲ್ಲೇ ಗೊತ್ತಾಗುತ್ತೆ ಬಿಡಿ" ಅನ್ನುವ ಧೈರ್ಯ ಬೇಡ.

ಹಂತ 4: ಕಟ್ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಜನ ಸೋಲುವುದು ಇಲ್ಲೇ. ಕಟ್ ಮಾಡುವುದು ಒರಟುತನ ಅಂತ ನಮಗೆ ಅನ್ನಿಸುತ್ತದೆ. ಅದರಲ್ಲೂ ಹಿರಿಯರಿಗೆ. "ಪಾಪ, ಅವನೂ ಕೆಲಸ ಮಾಡ್ತಿದ್ದಾನೆ, ಪೂರ್ತಿ ಕೇಳಿ ಬೇಡ ಅಂತೀನಿ" ಅಂತ ಕೂರುತ್ತಾರೆ. ನನ್ನ ಚಿಕ್ಕಮ್ಮ ಇಪ್ಪತ್ತು ನಿಮಿಷ ಲೈನಿನಲ್ಲಿ ಇದ್ದದ್ದು ಇದೇ ಸಂಕೋಚಕ್ಕೆ. ಅವರಿಗೆ ಮೂರನೇ ನಿಮಿಷದಲ್ಲೇ ಅನುಮಾನ ಬಂದಿತ್ತಂತೆ. ಫೋನ್ ಇಡಲು ಒಂದು ನೆಪ ಸಿಗಲಿಲ್ಲ, ಅಷ್ಟೇ.

ಅದಕ್ಕೇ ನೆಪವನ್ನು ಮೊದಲೇ ಇಟ್ಟುಕೊಳ್ಳಿ. ರೆಕಾರ್ಡಿಂಗ್ ಆಗಿದ್ದರೆ ಏನೂ ಹೇಳಬೇಕಿಲ್ಲ, ಇಟ್ಟುಬಿಡಿ. ಮನುಷ್ಯ ಆಗಿದ್ದರೆ ಒಂದೇ ವಾಕ್ಯ: "ನಾನೇ ಆಸ್ಪತ್ರೆಗೆ ಕರೆ ಮಾಡಿ ವಿಚಾರಿಸುತ್ತೇನೆ." ಹೇಳಿ, ಉತ್ತರಕ್ಕೆ ಕಾಯದೆ ಇಡಿ. ನಿಜವಾದ ಆಸ್ಪತ್ರೆಯವರಿಗೆ ಇದರಿಂದ ಬೇಸರವಾಗುವುದಿಲ್ಲ. ಅವರೇ "ಸರಿ, ರಿಸೆಪ್ಷನ್‌ಗೆ ಮಾಡಿ" ಅನ್ನುತ್ತಾರೆ. ಮೋಸಗಾರ ಮಾತ್ರ "ಕಟ್ ಮಾಡಬೇಡಿ, ಮಾಡಿದರೆ ನಿಮ್ಮ ಕೇಸ್ ಕ್ಲೋಸ್ ಆಗುತ್ತೆ" ಅನ್ನುತ್ತಾನೆ. ಆ ಮಾತು ಕೇಳಿದರೆ ಇನ್ನು ಯೋಚಿಸುವುದೇ ಬೇಡ.

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹೇಳಿಬಿಡುತ್ತೇನೆ. ಒಂದು, ಅವನ ಜೊತೆ ವಾದ ಮಾಡುವುದು. ಬೈದು ಬುದ್ಧಿ ಕಲಿಸುತ್ತೇನೆ ಅಂತ ಹೊರಟವರು ಮಾತಿನ ಮಧ್ಯೆ ತಮ್ಮ ಊರು, ವಯಸ್ಸು, ಯಾವ ಆಸ್ಪತ್ರೆ ಅನ್ನುವುದನ್ನೆಲ್ಲ ಹೇಳಿಬಿಟ್ಟಿರುತ್ತಾರೆ. ಇನ್ನೊಂದು, ಅವನನ್ನೇ ಪರೀಕ್ಷಿಸುವುದು. "ನೀವು ನಿಜವಾಗಲೂ ವಿಮೆ ಕಂಪನಿಯವರಾದರೆ ನನ್ನ ಹೆಸರು ಹೇಳಿ ನೋಡೋಣ" ಅಂತ ಕೇಳುತ್ತಾರೆ. ಅವನು ಹೆಸರು, ಹುಟ್ಟಿದ ತಾರೀಕು, ಕೆಲವೊಮ್ಮೆ ಪಾಲಿಸಿ ನಂಬರನ್ನೂ ಹೇಳುತ್ತಾನೆ. ಸೋರಿಹೋದ ಮಾಹಿತಿ ಮಾರಾಟಕ್ಕೆ ಸಿಗುತ್ತದೆ. ನಿಮ್ಮ ಬಗ್ಗೆ ಗೊತ್ತಿದೆ ಅಂದಮಾತ್ರಕ್ಕೆ ಅವನು ನಿಮ್ಮ ಕಂಪನಿಯವನು ಆಗುವುದಿಲ್ಲ.

"ಹೌದು" ಅನ್ನುವ ಪದದ ಬಗ್ಗೆ ತುಂಬ ಜನ ಕೇಳುತ್ತಾರೆ. ಒಂದು ಹೌದು ಅಂದರೆ ಬ್ಯಾಂಕಿನ ದುಡ್ಡೆಲ್ಲ ಹೋಗುತ್ತದೆ ಅನ್ನುವ ಭಯ ಬೇಡ. ಆದರೆ ಫೋನಿನಲ್ಲಿ ವಿಮೆ ಮಾರುವವರು ನಿಮ್ಮ "ಹೌದು"ಗಳನ್ನು ರೆಕಾರ್ಡ್ ಮಾಡಿ ಒಪ್ಪಿಗೆ ಅಂತ ಇಟ್ಟುಕೊಳ್ಳುವುದುಂಟು. "ನನ್ನ ಮಾತು ಕೇಳಿಸುತ್ತಿದೆಯಾ?" ಅಂತ ಕೇಳಿದರೆ "ಯಾರು ಮಾತಾಡ್ತಿರೋದು?" ಅಂತ ಮರುಪ್ರಶ್ನೆ ಹಾಕಿ.

ಮನೆಯ ಲ್ಯಾಂಡ್‌ಲೈನ್ ಆದರೆ ಇನ್ನೊಂದು ಎಚ್ಚರ. ಕೆಲವು ಹಳೇ ಲೈನ್‌ಗಳಲ್ಲಿ ಕರೆ ಮಾಡಿದವನು ಇಡುವ ತನಕ ಸಂಪರ್ಕ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ನೀವು ಇಟ್ಟು, ಮತ್ತೆ ಎತ್ತಿ ಬ್ಯಾಂಕಿನ ನಂಬರ್ ಒತ್ತಿದರೂ ಆ ಕಡೆ ಅವನೇ ಇರಬಹುದು, ನಕಲಿ ರಿಂಗ್ ಸದ್ದನ್ನೂ ಕೇಳಿಸಬಹುದು. ಬೇರೆ ಫೋನ್ ಬೇಕು ಅಂದದ್ದು ಇದಕ್ಕೆ.

ಹಂತ 5: ಕಟ್ ಮಾಡಿದ ಮೇಲೆ ಗುರುತುಗಳನ್ನು ನೋಡಿ

ಈಗ ನೀರು ಕುಡಿದು ಕೂತು ಯೋಚಿಸಿ. ಚಿಕ್ಕಮ್ಮನಿಗೆ ಬಂದ ಕರೆಯನ್ನು ಅವರು ನೆನಪಿಟ್ಟುಕೊಂಡು ಹೇಳಿದ ಹಾಗೇ ಇಲ್ಲಿ ಇಡುತ್ತೇನೆ.

"ನಮಸ್ಕಾರ. ಇದು ಆರೋಗ್ಯ ವಿಭಾಗದಿಂದ ಬಂದ ಪ್ರಮುಖ ಕರೆ." ಯಾವ ಆರೋಗ್ಯ ವಿಭಾಗ? ಹೆಸರೇ ಇಲ್ಲ. ಯಾರಿಗೆ ಬೇಕಾದರೂ ಹೊಂದುವ ಹಾಗೆ ಮಾಡಿದ ಅಂಗಿ ಇದು.

"ನಿಮ್ಮ ಇತ್ತೀಚಿನ ತಪಾಸಣೆಯ ಪ್ರಕಾರ ನೀವು ಉಚಿತ ಸೌಲಭ್ಯಕ್ಕೆ ಅರ್ಹರಾಗಿದ್ದೀರಿ." ವಯಸ್ಸಾದವರಲ್ಲಿ ಈಚೆಗೆ ತಪಾಸಣೆ ಮಾಡಿಸದವರು ಕಡಿಮೆ. ಕತ್ತಲಲ್ಲಿ ಎಸೆದ ಕಲ್ಲು, ಆದರೆ ತಾಗುತ್ತದೆ.

"ಈ ಸೌಲಭ್ಯ ಇಂದು ಸಂಜೆ ಮುಗಿಯುತ್ತದೆ." ಯಾರನ್ನೂ ಕೇಳಲು ಸಮಯ ಸಿಗಬಾರದು ಅನ್ನುವುದಕ್ಕೇ ಈ ಗಡುವು.

"ನಿಮ್ಮ ಗುರುತು ಖಚಿತಪಡಿಸಲು ಕಾರ್ಡಿನ ಮೇಲಿರುವ ನಂಬರ್ ಹೇಳಿ." ಕರೆ ಮಾಡಿದ್ದು ಅವರು. ಹಾಗಿರುವಾಗ ತಮ್ಮ ಗುರುತನ್ನು ಖಚಿತಪಡಿಸಬೇಕಾದವರು ಯಾರು? ಇಡೀ ಮೋಸ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ನೀವಾಗಿ ಕರೆ ಮಾಡಿದಾಗ ಅವರು ನಿಮ್ಮ ವಿವರ ಕೇಳುವುದು ಸರಿ. ಅವರಾಗಿ ಕರೆ ಮಾಡಿ ನಿಮ್ಮ ವಿವರ ಕೇಳಿದರೆ ಕೊಡಬೇಕಾಗಿಲ್ಲ.

ವೇಷ ಬೇರೆ ಬೇರೆ ಇರುತ್ತದೆ. ಜಾಸ್ತಿ ಕಾಣುವವು ಇವು.

ಸರ್ಕಾರಿ ಯೋಜನೆಯ ವೇಷ. ಭಾರತದಲ್ಲಿ ಆಯುಷ್ಮಾನ್ ಕಾರ್ಡ್, ಅಮೆರಿಕದಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್. "ನಿಮ್ಮ ಕಾರ್ಡ್ ನವೀಕರಿಸಬೇಕು, ಹೊಸ ಚಿಪ್ ಕಾರ್ಡ್ ಬಂದಿದೆ" ಅನ್ನುತ್ತಾರೆ. ಮೆಡಿಕೇರ್‌ನವರು ನೀವು ಕೇಳದೆ ತಾವಾಗಿ ಕರೆ ಮಾಡಿ ಕಾರ್ಡ್ ನಂಬರ್ ಕೇಳುವುದಿಲ್ಲ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ. ಅದರ ಹೆಸರು ಹೇಳಿಕೊಂಡು ಪಾಲಿಸಿ, ಬೋನಸ್ ಅಂತ ಯಾರು ಕರೆ ಮಾಡಿದರೂ ಸುಳ್ಳು.

ಅಗ್ಗದ ವಿಮೆಯ ವೇಷ. ಇಲ್ಲಿ ದುಡ್ಡು ಕಟ್ಟಿದ ಮೇಲೆ ಒಂದು ಕಾರ್ಡೂ ಬರುತ್ತದೆ. ಆದರೆ ಅದು ವಿಮೆಯಲ್ಲ, ಬರೀ ರಿಯಾಯಿತಿ ಕಾರ್ಡ್, ಇಲ್ಲವೇ ತೀರಾ ಸಣ್ಣ ಮೊತ್ತ ಕೊಡುವ ಯೋಜನೆ. 2018ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ವ್ಯವಹಾರ ಮಾಡುತ್ತಿದ್ದ ಕಂಪನಿಯೊಂದರ ಮೇಲೆ ಮೊಕದ್ದಮೆ ಹೂಡಿತ್ತು. ಕೊಂಡವರಿಗೆ ವಿಷಯ ಗೊತ್ತಾಗುವುದು ಆಸ್ಪತ್ರೆಯ ಬಿಲ್ ಕೈಗೆ ಬಂದಾಗ. ಪಾಲಿಸಿಯ ಕಾಗದ ಓದದೆ ಫೋನಿನಲ್ಲೇ ದುಡ್ಡು ಕೊಡಿ ಅಂದರೆ ಬೇಡ ಅನ್ನಿ.

ಉಚಿತ ಉಪಕರಣದ ವೇಷ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ದುಡ್ಡೇ ಕೇಳಲಿಲ್ಲ, ಹಾಗಾದರೆ ಮೋಸ ಹೇಗೆ?" ಅಂತ ಜನ ಗೊಂದಲಕ್ಕೆ ಬೀಳುತ್ತಾರೆ. ಮಂಡಿಗೆ, ಬೆನ್ನಿಗೆ ಹಾಕುವ ಪಟ್ಟಿ ಉಚಿತ. ಕೆನ್ನೆಯ ಒಳಗಿನಿಂದ ಮಾದರಿ ತೆಗೆದು ಕ್ಯಾನ್ಸರ್ ಅಪಾಯ ಹೇಳುವ ಜೀನ್ ಪರೀಕ್ಷೆ ಉಚಿತ. ನಿಮ್ಮಿಂದ ಬೇಕಿರುವುದು ಕಾರ್ಡ್ ನಂಬರ್ ಮಾತ್ರ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇಂಥ ಒಂದು ದೊಡ್ಡ ಜಾಲವನ್ನು ಬಯಲಿಗೆಳೆಯಿತು. ಕಾಲ್ ಸೆಂಟರ್‌ನವರು ಹಿರಿಯರಿಗೆ ಕರೆ ಮಾಡಿ ನಂಬರ್ ಪಡೆಯುತ್ತಿದ್ದರು. ರೋಗಿಯನ್ನು ಕಣ್ಣಲ್ಲೂ ನೋಡದ ಡಾಕ್ಟರುಗಳು ಚೀಟಿಗೆ ಸಹಿ ಹಾಕುತ್ತಿದ್ದರು. ಉಪಕರಣ ಕಂಪನಿಗಳು ಸರ್ಕಾರಕ್ಕೆ ಬಿಲ್ ಕಳಿಸುತ್ತಿದ್ದವು. ಆಪಾದಿತರು 24 ಮಂದಿ, ನಷ್ಟ 120 ಕೋಟಿ ಡಾಲರಿಗೂ ಮೇಲೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜೀನ್ ಪರೀಕ್ಷೆಯ ಜಾಲವೂ ಸಿಕ್ಕಿಬಿತ್ತು.

ನಂಬರ್ ಕೊಟ್ಟವರ ಜೇಬಿನಿಂದ ಒಂದು ಪೈಸೆಯೂ ಹೋಗದಿರಬಹುದು. ಆದರೆ ಅವರ ಹೆಸರಿನಲ್ಲಿ ಇಲ್ಲದ ಕಾಯಿಲೆ, ಮಾಡದ ಪರೀಕ್ಷೆ, ಪಡೆಯದ ಉಪಕರಣ ದಾಖಲೆಗೆ ಸೇರುತ್ತದೆ. ನಿಜವಾಗಿ ಬೇಕಾದ ದಿನ "ನಿಮಗೆ ಇದನ್ನು ಆಗಲೇ ಕೊಡಲಾಗಿದೆ" ಅನ್ನುವ ಉತ್ತರ ಬರಬಹುದು. ತಪ್ಪು ದಾಖಲೆ ನೋಡಿ ಡಾಕ್ಟರು ತಪ್ಪು ಔಷಧ ಬರೆಯುವ ಅಪಾಯವೂ ಇದೆ. ಆರೋಗ್ಯ ಕಾರ್ಡಿನ ನಂಬರನ್ನು ಬ್ಯಾಂಕ್ ಕಾರ್ಡಿನಷ್ಟೇ ಜೋಪಾನ ಮಾಡಬೇಕು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಡಾಕ್ಟರ ಅಪಾಯಿಂಟ್‌ಮೆಂಟ್ ಖಚಿತಪಡಿಸಲು ಸಣ್ಣ ಮೊತ್ತ ಕಟ್ಟಿ ಅಂತ ಲಿಂಕ್ ಅಥವಾ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆಪ್ ಹಾಕುವ ಫೈಲ್) ಕಳಿಸುವುದು. ಸಕ್ಕರೆ ಕಾಯಿಲೆ, ಮಂಡಿನೋವು ಪೂರ್ತಿ ಗುಣವಾಗುವ ಔಷಧ. ಕ್ಲೇಮಿನ ಹಣ ವಾಪಸ್ ಬಂದಿದೆ, ಪಡೆಯಲು ಪಿನ್ ಹಾಕಿ ಅನ್ನುವುದು. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕಳಿಸಲು ಮಾತ್ರ ಬೇಕು. ಇನ್ನು ಔಷಧದ ವಿಷಯದಲ್ಲಿ ಒಂದು ಮಾತು: ಫೋನಿನಲ್ಲಿ ಯಾರೋ ಹೇಳಿದರು ಅಂತ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಡಿ. ದುಡ್ಡು ಹೋದರೆ ಸಂಪಾದಿಸಬಹುದು.

ಹಂತ 6: ಚೀಟಿಯ ನಂಬರಿಗೆ ನೀವೇ ಕರೆ ಮಾಡಿ

ನಿಜವಾದ ಆಟೋಮ್ಯಾಟಿಕ್ ಕರೆಗಳೂ ಇವೆ ಅನ್ನುವುದನ್ನು ಮರೆಯಬೇಡಿ. "ನಾಳೆ ಹತ್ತು ಗಂಟೆಗೆ ನಿಮ್ಮ ಅಪಾಯಿಂಟ್‌ಮೆಂಟ್ ಇದೆ", "ಲಸಿಕೆಯ ದಿನ ಬಂದಿದೆ" ಅಂತ ಆಸ್ಪತ್ರೆಗಳು ರೆಕಾರ್ಡೆಡ್ ಕರೆ ಮಾಡುತ್ತವೆ. ಕೆಲವು "ಬರುವುದಾದರೆ 1 ಒತ್ತಿ" ಅಂತಲೂ ಕೇಳುತ್ತವೆ. ವ್ಯತ್ಯಾಸ ಎಲ್ಲಿ ಅಂದರೆ, ಅವು ನಿಮಗೆ ಮೊದಲೇ ಗೊತ್ತಿರುವ ವಿಷಯವನ್ನು ನೆನಪಿಸುತ್ತವೆ. ನಂಬರ್, ಒಟಿಪಿ, ದುಡ್ಡು ಯಾವುದನ್ನೂ ಕೇಳುವುದಿಲ್ಲ. ಗೊಂದಲವಾದರೆ ಏನೂ ಒತ್ತದೆ ಇಟ್ಟು, ಚೀಟಿಯಲ್ಲಿರುವ ಆಸ್ಪತ್ರೆ ನಂಬರಿಗೆ ಕರೆ ಮಾಡಿ. ಅಪಾಯಿಂಟ್‌ಮೆಂಟ್ ಎಲ್ಲೂ ಹೋಗುವುದಿಲ್ಲ.

ಬಂದ ನಂಬರಿಗೇ ತಿರುಗಿ ಕರೆ ಮಾಡಬೇಡಿ. ಅವರು ಎಸ್‌ಎಂಎಸ್‌ನಲ್ಲಿ ಕಳಿಸಿದ ನಂಬರಿಗೂ ಬೇಡ. ಕರೆ ಸಿಕ್ಕ ಮೇಲೆ ಕೇಳಬೇಕಾದ್ದು ಇಷ್ಟೇ: "ಇವತ್ತು ಇಷ್ಟು ಹೊತ್ತಿಗೆ ನಿಮ್ಮ ಹೆಸರಲ್ಲಿ ಕರೆ ಬಂದಿತ್ತು. ನನ್ನ ಬಗ್ಗೆ ಬಾಕಿ ವಿಷಯ ಏನಾದರೂ ಇದೆಯಾ?" ಇದ್ದರೆ ಅವರು ಹೇಳುತ್ತಾರೆ.

ಮನೆಯವರ ದನಿಯಲ್ಲೇ "ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಈಗಲೇ ದುಡ್ಡು ಕಟ್ಟಬೇಕು" ಅಂತ ಬಂದರೂ ಇದೇ ಕ್ರಮ. ಇಡಿ, ಆ ವ್ಯಕ್ತಿಯ ಮಾಮೂಲಿ ನಂಬರಿಗೆ ಕರೆ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನು ಮೊದಲೇ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹಂತ 7: ಆಗಲೇ ಸಿಕ್ಕಿಬಿದ್ದಿದ್ದರೆ

ಏನು ಕೊಟ್ಟಿರಿ ಅನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ. ಬರೀ ಬಟನ್ ಒತ್ತಿದ್ದರೆ ಗಾಬರಿ ಬೇಡ. ಕರೆಗಳು ಜಾಸ್ತಿಯಾಗಬಹುದು, ಎತ್ತಬೇಡಿ.

ದುಡ್ಡು ಹೋಗಿದ್ದರೆ ಅಥವಾ ಒಟಿಪಿ ಹೇಳಿದ್ದರೆ, ನಿಮಿಷವೂ ತಡಮಾಡದೆ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡ್ ತಡೆಹಿಡಿಸಿ. ಆಮೇಲೆ ಸಹಾಯವಾಣಿ. ದುಡ್ಡು ಮೋಸಗಾರನ ಕೈ ಸೇರದೆ ಇನ್ನೂ ಮಧ್ಯದ ಖಾತೆಯಲ್ಲಿ ಇರುವಾಗಲೇ ತಡೆಯುವ ಅವಕಾಶ ಜಾಸ್ತಿ. ಅದಕ್ಕೇ ಮೊದಲು ಮನೆಯವರಿಗೆಲ್ಲ ಕಥೆ ಹೇಳುತ್ತಾ ಕೂರಬೇಡಿ.

ಆಪ್ ಹಾಕಿಸಿಕೊಂಡಿದ್ದರೆ, ಪರದೆ ಹಂಚಿಕೊಂಡಿದ್ದರೆ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಬ್ಯಾಂಕಿಗೆ ಬೇರೆ ಫೋನಿನಿಂದ ಕರೆ ಮಾಡಿ. ಆಮೇಲೆ ಆಪ್ ತೆಗೆದುಹಾಕಿ. ಪಾಸ್‌ವರ್ಡ್‌ಗಳನ್ನು ಬದಲಿಸುವುದೂ ಬೇರೆ ಫೋನಿನಿಂದಲೇ ಆಗಲಿ.

ನಕ್ಷತ್ರ ಚಿಹ್ನೆ ಇರುವ ಕೋಡ್ ಏನಾದರೂ ಒತ್ತಿಸಿದ್ದರೆ, ನಿಮ್ಮ ಕರೆಗಳು ಅವರ ಫೋನಿಗೆ ತಿರುಗಿರಬಹುದು. ಕರೆಯಲ್ಲಿ ಬರುವ ಒಟಿಪಿಯೂ ಅವರಿಗೇ ಹೋಗುತ್ತದೆ. ಹೆಚ್ಚಿನ ಮೊಬೈಲ್ ಜಾಲಗಳಲ್ಲಿ *#21# ಒತ್ತಿದರೆ ಕರೆ ತಿರುಗಿಸಲಾಗಿದೆಯೇ ಅಂತ ತೋರಿಸುತ್ತದೆ. ##002# ಒತ್ತಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಕೆಲಸ ಮಾಡದಿದ್ದರೆ ಸಿಮ್ ಕಂಪನಿಗೆ ಕೇಳಿ.

ಆರೋಗ್ಯ ಕಾರ್ಡ್ ಅಥವಾ ಪಾಲಿಸಿ ನಂಬರ್ ಕೊಟ್ಟಿದ್ದರೆ, ವಿಮೆ ಕಂಪನಿಗೆ ತಿಳಿಸಿ. "ನನ್ನ ಹೆಸರಿನಲ್ಲಿ ಆಗಿರುವ ಕ್ಲೇಮುಗಳ ಪಟ್ಟಿ ಕೊಡಿ" ಅಂತ ಕೇಳಿ. ಮುಂದಿನ ಆರು ತಿಂಗಳು ಬರುವ ಪ್ರತಿ ಮೆಸೇಜ್, ಪ್ರತಿ ಕಾಗದ ಓದಿ. ಹೋಗದ ಆಸ್ಪತ್ರೆ, ಮಾಡಿಸದ ಪರೀಕ್ಷೆ ಕಂಡರೆ ಬರವಣಿಗೆಯಲ್ಲಿ ತಕರಾರು ಕೊಡಿ, ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ಬಲೆ ಬಾಕಿ ಇದೆ. ಕೆಲವು ವಾರ ಬಿಟ್ಟು "ನಿಮ್ಮ ಕಳೆದುಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಅಂತ ಕರೆ ಬರುತ್ತದೆ. ಒಮ್ಮೆ ಮೋಸ ಹೋದವರ ಪಟ್ಟಿಯೇ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಶುಲ್ಕ ಕೇಳಿದರೆ ಅದೂ ಮೋಸವೇ.

ಹಂತ 8: ದೂರು ಕೊಡಿ

ಕರೆಯ ಸಮಯ, ಕಂಡ ನಂಬರ್, ಹೇಳಿದ ಮಾತು, ದುಡ್ಡು ಹೋದ ಖಾತೆ, ವಹಿವಾಟಿನ ಸಂಖ್ಯೆ, ಇಷ್ಟನ್ನೂ ಅವತ್ತೇ ಬರೆದಿಡಿ. ಸ್ಕ್ರೀನ್‌ಶಾಟ್ ಅಳಿಸಬೇಡಿ. ಭಾರತದಲ್ಲಿ ದುಡ್ಡು ಹೋಗಿದ್ದರೆ 1930 ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. ದುಡ್ಡು ಹೋಗದೆ ಬರೀ ಅನುಮಾನದ ಕರೆಯಾದರೆ ದೂರಸಂಪರ್ಕ ಇಲಾಖೆಯ ಪೋರ್ಟಲ್ ಆದ ಸಂಚಾರ್ ಸಾಥಿಯ "ಚಕ್ಷು" ವಿಭಾಗದಲ್ಲಿ ತಿಳಿಸಬಹುದು. ಇದು 2024ರಲ್ಲಿ ಶುರುವಾಯಿತು. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಆಸ್ಟ್ರೇಲಿಯಾದಲ್ಲಿ ಸ್ಕ್ಯಾಮ್‌ವಾಚ್, ಬ್ರಿಟನ್‌ನಲ್ಲಿ 7726ಕ್ಕೆ ಮೆಸೇಜ್. ಬ್ರಿಟನ್‌ನಲ್ಲಿ 159 ಒತ್ತಿದರೆ ಹೆಚ್ಚಿನ ಬ್ಯಾಂಕುಗಳ ಅಸಲಿ ಸಹಾಯವಾಣಿಗೇ ನೇರ ಸಂಪರ್ಕ ಸಿಗುತ್ತದೆ.

ನಂಬರ್ ಬ್ಲಾಕ್ ಮಾಡಿ, ಸರಿ. ಆದರೆ ನಾಳೆ ಬೇರೆ ನಂಬರಿನಿಂದ ಬರುತ್ತದೆ ಅನ್ನುವುದು ನೆನಪಿರಲಿ.

ಹಂತ 9: ಮನೆಯ ಹಿರಿಯರ ಜೊತೆ ಅಭ್ಯಾಸ ಮಾಡಿ

ಬಯ್ಯಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. "ಅಷ್ಟೂ ಗೊತ್ತಾಗಲ್ವಾ ನಿಮಗೆ?" ಅಂತ ಒಮ್ಮೆ ಅಂದರೆ, ಮುಂದಿನ ಸಲ ಏನಾದರೂ ಆದಾಗ ಅವರು ನಿಮಗೆ ಹೇಳುವುದೇ ಇಲ್ಲ. ಚಿಕ್ಕಮ್ಮ ನಮಗೆ ವಿಷಯ ಹೇಳಿದ್ದು ಮೂರು ದಿನ ಆದಮೇಲೆ. ಆ ಮೂರು ದಿನ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಹೋದ ದುಡ್ಡಿಗಿಂತ ನನಗೆ ಸಂಕಟ ಆದದ್ದು ಅದಕ್ಕೆ. ಮೊದಲ ದಿನವೇ ಹೇಳಿದ್ದರೆ ಆ ವಹಿವಾಟನ್ನು ತಡೆಯುವ ಪ್ರಯತ್ನವನ್ನಾದರೂ ಮಾಡಬಹುದಿತ್ತು.

ಓದಿ ಹೇಳಿದರೆ ಸಾಲದು, ಕೈಗೆ ಅಭ್ಯಾಸ ಆಗಬೇಕು. ಪಕ್ಕದ ಕೋಣೆಯಿಂದ ನೀವೇ ಅವರಿಗೆ ಕರೆ ಮಾಡಿ. ರೆಕಾರ್ಡಿಂಗ್ ದನಿಯಲ್ಲಿ "ನಿಮ್ಮ ವಿಮೆ ಇಂದು ರದ್ದಾಗುತ್ತದೆ, 1 ಒತ್ತಿ" ಅನ್ನಿ. ಅವರು ಇಡಬೇಕು, ಎದ್ದು ಹೋಗಿ ಚೀಟಿ ನೋಡಬೇಕು, ಅದರಲ್ಲಿರುವ ನಂಬರಿಗೆ ಕರೆ ಮಾಡುವ ತನಕ ಹೋಗಬೇಕು. ಚಿಕ್ಕಮ್ಮ ಮೊದಲ ಸಲ "ನಾನು ಆಮೇಲೆ ಮಾತಾಡ್ತೀನಿ ಕಣಪ್ಪ" ಅಂತ ಹೇಳಿ ಉತ್ತರಕ್ಕೆ ಕಾಯುತ್ತಾ ನಿಂತರು. ಎರಡನೇ ಸಲ ಇಟ್ಟರು, ಆದರೆ ಬಂದ ನಂಬರಿಗೇ ತಿರುಗಿ ಮಾಡಿದರು. ಮೂರನೇ ಸಲ ನನ್ನ ವಾಕ್ಯ ಮುಗಿಯುವ ಮೊದಲೇ ಕಟ್. ಕನ್ನಡಕ ಹಾಕಿಕೊಂಡು ಗೋಡೆಯ ಚೀಟಿಯ ಎರಡನೇ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದರು.

ತಿಂಗಳಿಗೊಮ್ಮೆ, ಮುಂಚೆ ಹೇಳದೆ, ಬೇರೆ ಬೇರೆ ಮಾತಿನಲ್ಲಿ ಹೀಗೆ ಕರೆ ಮಾಡಿ ನೋಡಿ. ಚೀಟಿಯ ನಂಬರ್ ಬದಲಾಗಿದ್ದರೆ ಅವತ್ತೇ ತಿದ್ದಿ.